ಕೈ ಕೆಸರು ಯಾರದು? ಬಾಯಿ ಮೊಸರು ಯಾರದು?

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ದುಡಿಯುವವನಿಗೆ ನಮ್ಮ ಹಿರಿಯರು ಕೊಟ್ಟ ಭರವಸೆ. ಆ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬನದೇ. ಕೆಸರು ಮಾಡಿಕೊಂಡವನೇ ಮೊಸರು ಉಣ್ಣುತ್ತಾನೆ. ಬಂಡವಾಳಶಾಹಿ ವ್ಯವಸ್ಥೆ ಮಾಡಿದ ದೊಡ್ಡ ಕೆಲಸವೆಂದರೆ ಆ ಕೈಯನ್ನು ಒಬ್ಬನಿಗೂ ಬಾಯಿಯನ್ನು ಇನ್ನೊಬ್ಬನಿಗೂ ಹಂಚಿಬಿಟ್ಟದ್ದು. ಇದು ಹೇಗೆ ನಡೆಯುತ್ತದೆಂಬುದನ್ನು ಈ ವಾರ ಮೊಸರಿನ ಉದಾಹರಣೆಯಿಂದಲೇ ತೋರಿಸುತ್ತೇವೆ. ಉದಾಹರಣೆ ಫ್ರಾನ್ಸ್ ದೇಶದ್ದು.

‘ಗಿರಣಿ ಕಾರ್ಮಿಕನಿಗೆ ಫ್ರೆಂಚರ ಚೀಸಿನ ಗೊಡವೆ ಏಕೆ? ಅದು ದೊಡ್ಡ ಹೋಟೆಲುಗಳಲ್ಲಿ ಸಾಹೇಬರು ತಿನ್ನುವ ಪದಾರ್ಥವಲ್ಲವೇ?’ ಎಂದು ಕೆಲವರು ಮೂಗು ಮುರಿಯಬಹುದು. ಸಾಹೇಬರು ತಿನ್ನುವ ಪದಾರ್ಥವನ್ನು ಸಾಹೇಬರು ಮಾಡುವುದಿಲ್ಲ. ಅದನ್ನು ಮಾಡುವವರು ದನ ಕಾಯುವವರು, ಹಾಲು ಕರೆಯುವವರು, ಕೊಟ್ಟಿಗೆ ಬಳಿಯುವವರು. ಅವರು ನಮ್ಮವರು. ಆದ್ದರಿಂದ ಅವರ ಗೊಡವೆ ನಮಗೆ ಬೇಕು.

ನಿಘಂಟಿನವರು ಚೀಸಿಗೆ ‘ಗಿಣ್ಣು’ ಎಂದು ಅರ್ಥ ಬರೆಯುವುದುಂಟು. ಆದರೆ ನಮ್ಮ ಗಿಣ್ಣು ಕರು ಹಾಕಿದ ಹೊಸತರಲ್ಲಿ ಬರುವ ಹಾಲಿನದು, ಬೇರೆಯೇ ಪದಾರ್ಥ. ನಾವು ಹೇಳಹೊರಟಿರುವ ಚೀಸ್ ಬಿಳಿಯದು, ಮೆತ್ತಗಿರುವುದು, ಬೆಣ್ಣೆಯಂತೆ ಬಾಯಲ್ಲಿ ಕರಗುವುದು. ಹಸುವಿನ ಹಾಲಿಗೆ ಹೆಪ್ಪು ಹಾಕಿ, ಗಟ್ಟಿಯಾದದ್ದನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಅದಕ್ಕೆ ಕೆನೆ ಬೆರೆಸಿ ನಾದಿ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಸಣ್ಣ ಉರುಳೆ ಮಾಡಿ, ಮೇಲೆ ತೆಳುವಾದ ಕಾಗದ ಸುತ್ತುತ್ತಾರೆ. ಶ್ರೀಖಂಡಕ್ಕೆ ಮೊಸರು ಕಟ್ಟಿಹಾಕುವ ನಮ್ಮ ಉತ್ತರ ಭಾಗದ ತಾಯಂದಿರಿಗೆ ಈ ಕೆಲಸ ಹೊಸದಲ್ಲ. ಫ್ರಾನ್ಸಿನಲ್ಲಿ ಮಕ್ಕಳು ಇದನ್ನು ಸಕ್ಕರೆ ಹಾಕಿಕೊಂಡು, ಹಣ್ಣಿನ ಮುರಬ್ಬ ಹಚ್ಚಿಕೊಂಡು ತಿನ್ನುತ್ತಾರೆ. 60 ಗ್ರಾಮಿನದು, 30 ಗ್ರಾಮಿನದು ಎಂದು ಎರಡು ಅಳತೆಯಲ್ಲಿ ಮಾರುತ್ತಾರೆ. ಇದರ ಹೆಸರು ‘ಪೆತಿ ಸ್ವಿಸ್’. ಅಂದರೆ ‘ಸಣ್ಣ ಸ್ವಿಸ್’ ಎಂದು ಅರ್ಥ.

ಫ್ರಾನ್ಸಿನ ಪದಾರ್ಥಕ್ಕೆ ಸ್ವಿಸ್ ಎಂಬ ಹೆಸರು ಹೇಗೆ ಬಂತು? ನಮ್ಮ ವಾದವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ.

ಹೆಸರಿಲ್ಲದ ಆಳು

ಫ್ರಾನ್ಸಿನ ಉತ್ತರಕ್ಕೆ, ರುಆನ್ ಪಟ್ಟಣದ ಈಶಾನ್ಯಕ್ಕೆ, ಬ್ರೇ ಎಂಬ ಸೀಮೆಯಿದೆ. ಜೇಡಿ ಮಣ್ಣಿನ ನೆಲ, ಸದಾ ತೇವ, ಎಲ್ಲೆಲ್ಲೂ ಹುಲ್ಲು. ಅಲ್ಲಿಯ ಜನ ಹಿಂದಿನಿಂದಲೂ ಹಸು ಕಟ್ಟಿ ಬದುಕಿದವರು. ಆ ಸೀಮೆಯ ವಿಲೇರ್ ಸ್ಯೂರ್ ಓಶಿ ಎಂಬ ಹಳ್ಳಿಯಲ್ಲಿ, 1850ರ ಆಸುಪಾಸಿನಲ್ಲಿ, ಮದಾಂ ಎರೂ ಎಂಬ ಹೆಂಗಸು ಹೈನು ನಡೆಸುತ್ತಿದ್ದಳು. ಚೀಸ್ ಮಾಡಿ ಪ್ಯಾರಿಸ್ಸಿನ ಪೇಟೆಗೆ ಕಳಿಸುತ್ತಿದ್ದಳು. ಅವಳಲ್ಲಿ ಸ್ವಿಟ್ಜರ್ಲೆಂಡಿನಿಂದ ಕೂಲಿಗಾಗಿ ಬಂದ ಒಬ್ಬ ಆಳಿದ್ದ. ಹೆಪ್ಪಿನ ಹಾಲಿಗೆ ಇನ್ನಷ್ಟು ಕೆನೆ ಬೆರೆಸಿದರೆ ಚೀಸ್ ಮೆತ್ತಗಾಗುತ್ತದೆ, ರುಚಿ ಹೆಚ್ಚುತ್ತದೆ ಎಂದು ಅವನು ಹೇಳಿದ. ಅವನು ಹೇಳಿದಂತೆ ಮಾಡಿದರು. ಅದೇ ಈ ಚೀಸ್.

ಇದು ನಾವು ಕಟ್ಟಿದ ಕಥೆಯಲ್ಲ. ಈ ಚೀಸಿನ ಹುಟ್ಟಿನ ಬಗ್ಗೆ ಪ್ರಚಾರದಲ್ಲಿರುವ ಕಥೆಯೇ ಇದು. ಆ ಕಥೆಯಲ್ಲಿ ಯಜಮಾನಿಗೆ ಹೆಸರಿದೆ, ಹಳ್ಳಿಗೆ ಹೆಸರಿದೆ, ಸರಕು ಕೊಂಡ ವರ್ತಕನಿಗೆ ಹೆಸರಿದೆ. ಬುದ್ಧಿ ಕೊಟ್ಟ ಆಳಿಗೆ ಮಾತ್ರ ಹೆಸರಿಲ್ಲ. ಅವನು ‘ಆ ಸ್ವಿಸ್ಸಿನವನು’, ಅಷ್ಟೆ. ನಮ್ಮ ಕಡೆ ಬೇರೆ ಸೀಮೆಯಿಂದ ಕೂಲಿಗೆ ಬಂದವನನ್ನು ಅವನ ಊರು ಹಿಡಿದು ಕೂಗುತ್ತಾರೆ. ತಂದೆತಾಯಿ ಇಟ್ಟ ಹೆಸರನ್ನು ಯಾರೂ ಕೇಳುವುದಿಲ್ಲ. ಅವನಿಗೂ ಹಾಗೆಯೇ ಆಯಿತು. ಇಷ್ಟಾಗಿ, ‘ನೋಡಿ, ಪದಾರ್ಥಕ್ಕೆ ಅವನ ನೆನಪನ್ನೇ ಇಟ್ಟೆವು’ ಎಂದು ಬೀಗುತ್ತಾರೆ! ಯಾರ ನೆನಪು? ಒಂದು ದೇಶದ ಹೆಸರು ಒಬ್ಬ ಮನುಷ್ಯನ ನೆನಪಾಗುತ್ತದೆಯೇ?

ಇನ್ನು ಹಣದ ಮಾತು. ಪ್ಯಾರಿಸ್ಸಿನ ನಡುವೆ ಲೇ ಆಲ್ ಎಂಬ ದೊಡ್ಡ ಸಗಟು ಪೇಟೆಯಿತ್ತು. ಅಲ್ಲಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಶಾರ್ಲ್ ಜೆರ್ವೇ ಎಂಬ ಗುಮಾಸ್ತನಿದ್ದ. ಈ ಹೊಸ ಚೀಸಿಗೆ ಪೇಟೆಯಲ್ಲಿ ಬೇಡಿಕೆ ಏರುವುದನ್ನು ಅವನು ಕಂಡ. ಮದಾಂ ಎರೂಳ ಜೊತೆ ಪಾಲುದಾರನಾದ. ಗೂರ್ನೇ ಪಟ್ಟಣದ ಪಕ್ಕದ ಫೆರಿಯೇರ್‌ನಲ್ಲಿ ಕಾರ್ಖಾನೆ ಎದ್ದಿತು. ಮೊದಲು ಪಾಲುದಾರಳ ಹೆಸರು ಮರೆಗೆ ಸರಿಯಿತು. ಮಾರ್ಕು ‘ಜೆರ್ವೇ’ ಆಯಿತು. ಆಳಿನ ಹೆಸರು ಮೊದಲೇ ಇರಲಿಲ್ಲ, ಆದ್ದರಿಂದ ಅದನ್ನು ಅಳಿಸುವ ತೊಂದರೆ ಯಾರಿಗೂ ಬರಲಿಲ್ಲ.

ಮುಂದೆ 1967ರಲ್ಲಿ ಜೆರ್ವೇ ಕಂಪನಿ ದಾನೋನ್ ಎಂಬ ಮೊಸರಿನ ಕಂಪನಿಯೊಡನೆ ಸೇರಿ ಜೆರ್ವೇ-ದಾನೋನ್ ಆಯಿತು. 1973ರಲ್ಲಿ ಗಾಜಿನ ವ್ಯಾಪಾರದಿಂದ ಬೆಳೆದ ಬಿಎಸ್‌ಎನ್ ಎಂಬ ಕಂಪನಿ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. 1994ರಲ್ಲಿ ಇಡೀ ಗುಂಪಿಗೆ ದಾನೋನ್ ಎಂಬ ಹೆಸರೇ ನಿಂತಿತು. ಇಂದು ಅದು ಜಗತ್ತಿನ ದೊಡ್ಡ ಆಹಾರ ಕಂಪನಿಗಳಲ್ಲಿ ಒಂದು. ಹಸುವಿನ ಕೆಚ್ಚಲನ್ನು ಚಿತ್ರದಲ್ಲಿ ಮಾತ್ರ ಕಂಡ ಷೇರುದಾರರು ವರ್ಷ ವರ್ಷವೂ ಆ ಕೆನೆಯ ಲಾಭಾಂಶ ಎಣಿಸುತ್ತಾರೆ. ಕೈ ಕೆಸರಾದದ್ದು ಹಟ್ಟಿಯಲ್ಲಿ, ಬಾಯಿ ಮೊಸರಾದದ್ದು ಷೇರು ಪೇಟೆಯಲ್ಲಿ!

ವಿರೋಧಿಗಳ ವಾದ

ನಮ್ಮ ವಿರೋಧಿಗಳ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ‘ಕೆನೆ ಬೆರೆಸು ಎಂದು ಹೇಳುವುದು ಯಾವ ದೊಡ್ಡ ಮಾತು? ಬಂಡವಾಳ ಹಾಕಿದವನು ಜೆರ್ವೇ, ಕೆಡುವ ಸರಕನ್ನು ಕೆಡುವ ಮೊದಲು ಪ್ಯಾರಿಸ್ಸಿಗೆ ಮುಟ್ಟಿಸಿದವನು ಜೆರ್ವೇ. ಅವನೇನು ಹುಟ್ಟು ಶ್ರೀಮಂತನೇ? ಅವನೂ ಗುಮಾಸ್ತನಾಗಿದ್ದವನೇ. ಬುದ್ಧಿಯಿಂದ ಮೇಲೆ ಬಂದ. ನಿಮಗೇಕೆ ಹೊಟ್ಟೆಯುರಿ?’

ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ, ತೂಗಿ ನೋಡುತ್ತೇವೆ. ಸರಕನ್ನು ಸಾಗಿಸುವುದು, ಕೆಡದಂತೆ ಕಾಯುವುದು, ಗಿರಾಕಿಯ ಕೈಗೆ ಮುಟ್ಟಿಸುವುದು ಶ್ರಮವೇ. ನಮ್ಮ ಪತ್ರಿಕೆಯನ್ನು ಓದುವ ಸಣ್ಣ ವರ್ತಕರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಬೆಳಗ್ಗೆ ಬಾಗಿಲು ತೆಗೆದು ರಾತ್ರಿ ಮುಚ್ಚುವ ತನಕ ನಿಂತೇ ಇರುವ ಅಂಗಡಿಯವನ ಕಾಲು ಮಗ್ಗದವನ ಕಾಲಿನಷ್ಟೇ ನೋಯುತ್ತದೆ. ಜೆರ್ವೇ ದುಡಿದದ್ದಕ್ಕೆ ಜೆರ್ವೇಗೆ ಸಲ್ಲಬೇಕಾದ್ದು ಸಲ್ಲಲಿ. ಅದು ನಮ್ಮ ತಕರಾರಲ್ಲ.

ನಮ್ಮ ತಕರಾರು ಬೇರೆ. ಜೆರ್ವೇಯ ದುಡಿಮೆ ಅವನ ಆಯುಷ್ಯದೊಡನೆ ಮುಗಿಯಿತು. ಅವನ ಮಾರ್ಕಿನ ಗಳಿಕೆ ಮಾತ್ರ ಮುಗಿಯಲಿಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಕ್ರಯವಾಗುತ್ತ ಹೋಯಿತು. ಆಳಿನ ಬುದ್ಧಿಗೆ ಬೆಲೆ ಕಟ್ಟುವ ದಿನ ‘ಅದು ಸಣ್ಣ ಮಾತು’ ಎಂದರು. ಅದೇ ಬುದ್ಧಿಯಿಂದ ಹುಟ್ಟಿದ ಮಾರ್ಕನ್ನು ಮಾರುವ ದಿನ ‘ಇದು ದೊಡ್ಡ ಆಸ್ತಿ’ ಎಂದರು. ಎರಡು ತಕ್ಕಡಿ ಇಟ್ಟುಕೊಂಡ ಅಂಗಡಿಯವನನ್ನು ನಮ್ಮ ಸಂತೆಯಲ್ಲಿ ಬಿಡುತ್ತಾರೆಯೇ? ಕೊಳ್ಳುವಾಗ ಒಂದು ತೂಕ, ಮಾರುವಾಗ ಒಂದು ತೂಕ ಎಂಬುದಕ್ಕೆ ಕಳ್ಳ ತೂಕ ಎಂದೇ ಹೆಸರು. ದೊಡ್ಡವರು ತೂಗಿದರೆ ಮಾತ್ರ ಅದಕ್ಕೆ ವ್ಯವಹಾರಕುಶಲತೆ ಎಂದು ಹೆಸರು!

ನೆರೆಯ ಚೀಸಿನ ಪಾಠ

ಅದೇ ಬ್ರೇ ಸೀಮೆಯಲ್ಲಿ ನೋಶಾತೆಲ್ ಎಂಬ ಇನ್ನೊಂದು ಪಟ್ಟಣವಿದೆ. ಆ ಪಟ್ಟಣದ ಹೆಸರಿನ ಚೀಸ್ ಇನ್ನೂ ಹಳೆಯದು. ಅದರ ಮೇಲೆ ತೆಳುವಾದ ಬಿಳಿ ಬೂಷ್ಟಿನ ಪದರವಿರುತ್ತದೆ, ರುಚಿಯಲ್ಲಿ ತುಸು ಉಪ್ಪು. ಹೃದಯದ ಆಕಾರದಲ್ಲಿ ಮಾಡುವುದು ಅದರ ವಿಶೇಷ. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ನೂರು ವರ್ಷಗಳ ಯುದ್ಧದ ಕಾಲದಲ್ಲಿ ಅಲ್ಲಿಯ ಹುಡುಗಿಯರು ಇಂಗ್ಲಿಷ್ ಸಿಪಾಯಿಗಳಿಗೆ ಪ್ರೀತಿಯಿಂದ ಹೀಗೆ ಮಾಡಿ ಕೊಟ್ಟರೆಂದು ಒಂದು ಕಟ್ಟುಕಥೆಯೂ ಇದೆ. ಜಾಹೀರಾತಿನವರಿಗೆ ಈ ಕಥೆ ಬಲು ಪ್ರೀತಿ.

ಆದರೆ ಈ ಚೀಸಿನ ಹಳೆಯ ಸುಳಿವೆಂದು ಸಾಮಾನ್ಯವಾಗಿ ತೋರಿಸುವುದು ಪ್ರೇಮಪತ್ರವನ್ನಲ್ಲ. 1035ರಲ್ಲಿ ಗೂರ್ನೇಯ ಪಾಳೆಯಗಾರ ಸಿಗೀ ಎಂಬಲ್ಲಿಯ ಕ್ರೈಸ್ತ ಮಠಕ್ಕೆ ಬಿಟ್ಟುಕೊಟ್ಟ ದಶಾಂಶದ ದಾಖಲೆಯನ್ನು ತೋರಿಸುತ್ತಾರೆ. ಅಂದರೆ ರೈತನ ಹಟ್ಟಿಯಲ್ಲಿ ಹತ್ತು ಚೀಸ್ ಆದರೆ ಒಂದು ಮಠಕ್ಕೆ ಹೋಗಬೇಕು. ದಾನ ಕೊಟ್ಟವನು ಪಾಳೆಯಗಾರ, ಪಡೆದವನು ಮಠಾಧಿಪತಿ, ಕಳೆದುಕೊಂಡವನು ರೈತ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಅಂದು ಒಯ್ದದ್ದು ಪದಾರ್ಥವನ್ನು. ಹೊಸ ಯುಗದ ಧಣಿಗಳು ಹೆಸರನ್ನೇ ಒಯ್ದರು. 1870ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ಸೀಮೆಯ ಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಲಾರೆನ್ಸ್ ಎಂಬ ಹೈನಿನವನು ನೋಶಾತೆಲ್ ಎಂಬ ಹೆಸರಿನಲ್ಲೇ ಚೀಸ್ ಮಾಡಿಸುತ್ತಿದ್ದ. ಅದಕ್ಕೆ ಕೆನೆ ಹೆಚ್ಚಿಸಿದಾಗ ಅಲ್ಲಿ ‘ಕ್ರೀಮ್ ಚೀಸ್’ ವ್ಯಾಪಾರ ಹುಟ್ಟಿತು. 1880ರಲ್ಲಿ ರೆನಾಲ್ಡ್ಸ್ ಎಂಬ ಸಗಟು ವರ್ತಕ ಅದಕ್ಕೆ ‘ಫಿಲಡೆಲ್ಫಿಯ’ ಎಂಬ ಮಾರ್ಕು ಹಾಕಿದ. ಆ ಚೀಸ್ ಫಿಲಡೆಲ್ಫಿಯ ಪಟ್ಟಣದ್ದಲ್ಲ. ಆ ಪಟ್ಟಣದ ಹಾಲು ಬೆಣ್ಣೆಗೆ ಒಳ್ಳೆಯ ಹೆಸರಿತ್ತು, ಆದ್ದರಿಂದ ಅದರ ಹೆಸರನ್ನು ತಂದು ಅಂಟಿಸಿದ. 1928ರಲ್ಲಿ ಆ ಮಾರ್ಕು ಕ್ರಾಫ್ಟ್ ಎಂಬ ದೊಡ್ಡ ಕಂಪನಿಯ ಕೈಸೇರಿತು.

ನೋಶಾತೆಲ್ ಎಂಬ ಹೆಸರಿಗೆ ಅಮೆರಿಕದಲ್ಲಿ ಇಂದು ಏನು ಅರ್ಥ? ಅಲ್ಲಿಯ ಸರಕಾರಿ ನಿಯಮದಂತೆ ಕ್ರೀಮ್ ಚೀಸಿನಲ್ಲಿ ನೂರಕ್ಕೆ 33 ಪಾಲು ಕೊಬ್ಬು ಇರಬೇಕು, ನೀರಿನ ಅಂಶ 55 ಪಾಲು ಮೀರಬಾರದು. ‘ನೋಶಾತೆಲ್’ ಆದರೆ ಕೊಬ್ಬು 20 ಪಾಲಿದ್ದರೂ ಸಾಕು, ನೀರಿನ ಅಂಶ 65ರವರೆಗೂ ಹೋಗಬಹುದು. ಬ್ರೇ ಸೀಮೆಯ ಹುಲ್ಲೂ ಬೇಕಿಲ್ಲ, ಹಸುವೂ ಬೇಕಿಲ್ಲ, ಬಿಳಿ ಬೂಷ್ಟೂ ಬೇಕಿಲ್ಲ. ಊರಿನ ಹೆಸರು ಕೊನೆಗೆ ಕೆನೆ ಕಡಿಮೆ, ನೀರು ಹೆಚ್ಚು ಎಂಬುದರ ಗುರುತಾಯಿತು!

ಆದರೆ ನೋಶಾತೆಲ್ ಸೀಮೆಯವರು ಸುಮ್ಮನೆ ಕೂರಲಿಲ್ಲ. 1969ರಲ್ಲಿ ಅವರ ಚೀಸಿಗೆ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆ ದೊರೆಯಿತು. 1996ರಲ್ಲಿ ಅದು ಐರೋಪ್ಯ ಒಕ್ಕೂಟಕ್ಕೆಲ್ಲ ಹಬ್ಬಿತು. ಗೊತ್ತುಮಾಡಿದ ಸೀಮೆಯಲ್ಲಿ, ಗೊತ್ತುಮಾಡಿದ ಕ್ರಮದಲ್ಲಿ ಮಾಡಿದ್ದಕ್ಕೆ ಮಾತ್ರ ಅಲ್ಲಿ ಆ ಹೆಸರು. ಯಾವ ಕಂಪನಿಯೂ ಆ ಹೆಸರನ್ನು ಕೊಂಡು ಜೇಬಿಗಿಟ್ಟುಕೊಳ್ಳುವಂತಿಲ್ಲ. ವಾಚಕರು ಇದನ್ನು ಗಮನಿಸಬೇಕು. ‘ಹೆಸರೆಂಬುದು ಖಾಸಗಿ ಆಸ್ತಿ, ಒಬ್ಬನದಾಗದಿದ್ದರೆ ಅದು ಉಳಿಯುವುದೇ ಇಲ್ಲ’ ಎಂಬ ವಾದ ಎಷ್ಟು ಸುಳ್ಳೆಂಬುದು ಇದರಿಂದ ತಿಳಿಯುತ್ತದೆ. ಹೆಸರನ್ನು ಹತ್ತು ಜನ ಕೂಡಿ ಇಟ್ಟುಕೊಳ್ಳಬಹುದು. ಒಂದೇ ಸೀಮೆಯ ಎರಡು ಚೀಸುಗಳಲ್ಲಿ ಒಂದರ ಹೆಸರು ಊರಿನವರ ಸೊತ್ತಾಗಿ ಉಳಿದಿದೆ. ಇನ್ನೊಂದರ ಹೆಸರಿಗೆ ಅಂಥ ರಕ್ಷಣೆಯಿಲ್ಲ. ಯಾವ ಕಾರ್ಖಾನೆಯಾದರೂ ಪೆತಿ ಸ್ವಿಸ್ ಮಾಡಬಹುದು.

ಇಷ್ಟಾದರೂ ಕಾಗದದ ರಕ್ಷಣೆಯೊಂದರಿಂದಲೇ ಹಟ್ಟಿಯವನ ಹೊಟ್ಟೆ ತುಂಬಿತೆಂದು ನಾವು ಹೇಳುವುದಿಲ್ಲ. 2009ರ ಸೆಪ್ಟೆಂಬರಿನಲ್ಲಿ ಹಾಲಿನ ಬೆಲೆ ನೆಲಕಚ್ಚಿದಾಗ ಐರೋಪ್ಯ ರೈತರು ಹಾಲು ಕೊಡುವುದನ್ನೇ ನಿಲ್ಲಿಸಿದರು. ಅದೇ ನಾರ್ಮಂಡಿ ಪ್ರಾಂತದಲ್ಲಿ, ಮೋಂ ಸೇಂ ಮಿಶೆಲ್ ಬಳಿ, ಟ್ಯಾಂಕರುಗಟ್ಟಲೆ ಹಾಲನ್ನು ಹೊಲಕ್ಕೆ ಸುರಿದರು. 2015ರಲ್ಲಿ ಐರೋಪ್ಯ ಒಕ್ಕೂಟ 1984ರಿಂದ ಇದ್ದ ಹಾಲಿನ ಮಿತಿಯ ಕಟ್ಟಳೆಯನ್ನು ತೆಗೆದುಹಾಕಿತು. ಮರುವರ್ಷ ಆಗಸ್ಟಿನಲ್ಲಿ ರೈತರು ಬೆಲೆಗಾಗಿ ಲಾವಾಲ್ ಪಟ್ಟಣದಲ್ಲಿ ಲಾಕ್ಟಾಲಿಸ್ ಕಂಪನಿಯ ಬಾಗಿಲಿಗೆ ಟ್ರ್ಯಾಕ್ಟರು ಅಡ್ಡ ನಿಲ್ಲಿಸಬೇಕಾಯಿತು. ಹಾಲು ಕರೆದವನು ತನ್ನ ಹಾಲನ್ನು ತಾನೇ ಮಣ್ಣಿಗೆ ಸುರಿಯುವಾಗ ಅವನ ಎದೆಯಲ್ಲಿ ಏನಾಗುತ್ತದೆಂಬುದು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ ಗಿರಣಿ ಕಾರ್ಮಿಕನಿಗೆ ಗೊತ್ತು. ಅದು ಹುಚ್ಚಲ್ಲ, ಬೇರೆ ದಾರಿ ಮುಚ್ಚಿದಾಗ ಹಿಡಿಯುವ ದಾರಿ.

ಧಣಿಗಳ ಜಗಳ

ಆಳಿನ ಹೆಸರನ್ನು ಹಗುರವಾಗಿ ಮರೆಯುವ ಇವರು ತಮ್ಮ ಮಾರ್ಕಿನ ವಿಷಯದಲ್ಲಿ ಎಷ್ಟು ಜಾಗರೂಕರು ಎಂಬುದನ್ನು ನಮ್ಮ ದೇಶವೂ ಕಂಡಿದೆ. ಬೆಂಗಳೂರಿನಲ್ಲಿ ಕಚೇರಿ ಇಟ್ಟಿರುವ ಬ್ರಿಟಾನಿಯ ಬಿಸ್ಕತ್ತು ಕಂಪನಿಯಲ್ಲಿ 1990ರ ದಶಕದಿಂದ ಇದೇ ದಾನೋನ್ ಕಂಪನಿಯೂ, ಬಾಂಬೆ ಡೈಯಿಂಗ್ ಗಿರಣಿಯ ವಾಡಿಯಾ ಮನೆತನವೂ ಪಾಲುದಾರರಾಗಿದ್ದರು. 1997ರಲ್ಲಿ ಬ್ರಿಟಾನಿಯ ‘ಟೈಗರ್’ ಎಂಬ ಬಿಸ್ಕತ್ತನ್ನು ಪೇಟೆಗೆ ಬಿಟ್ಟಿತು. ದಾನೋನ್ ಆ ಹೆಸರನ್ನು ಹೊರದೇಶಗಳಲ್ಲಿ ತನ್ನದೆಂದು ನೋಂದಾಯಿಸಿಕೊಂಡಿದೆ ಎಂದು ಬ್ರಿಟಾನಿಯ ತಕರಾರು ತೆಗೆಯಿತು. ಜಗಳ ಕೋರ್ಟು ಹತ್ತಿತು. 2007ರಲ್ಲಿ ದಾನೋನ್ ತನ್ನ ಬಿಸ್ಕತ್ತಿನ ವ್ಯಾಪಾರವನ್ನು ಕ್ರಾಫ್ಟ್ ಕಂಪನಿಗೆ, ಅಂದರೆ ಮೇಲೆ ಹೇಳಿದ ಫಿಲಡೆಲ್ಫಿಯ ಮಾರ್ಕಿನ ಧಣಿಗೆ ಮಾರಿತು. 2009ರಲ್ಲಿ ಬ್ರಿಟಾನಿಯದ ತನ್ನ ಪಾಲನ್ನು ವಾಡಿಯಾ ಮನೆತನಕ್ಕೆ ಬಿಟ್ಟು ಹೊರನಡೆಯಿತು.

ಯಾರು ಸರಿ, ಯಾರು ತಪ್ಪು ಎಂದು ನಾವು ತೀರ್ಪು ಹೇಳಹೋಗುವುದಿಲ್ಲ. ಆನೆಗಳ ಜಗಳದಲ್ಲಿ ಇರುವೆ ಪಂಚಾಯಿತಿ ಮಾಡಬೇಕಿಲ್ಲ. ನಾವು ಕೇಳುವುದು ಇಷ್ಟೇ: ಒಂದು ಬಿಸ್ಕತ್ತಿನ ಹೆಸರಿಗಾಗಿ ಸಮುದ್ರದಾಚೆಯವರೆಗೆ ವಕೀಲರನ್ನು ನಿಲ್ಲಿಸುವವರು, ‘ಹೆಸರಿನಲ್ಲಿ ಏನಿದೆ, ದುಡಿಮೆಗಾರನಿಗೆ ಕೂಲಿ ಕೊಟ್ಟರಾಯಿತು’ ಎಂದು ನಮಗೆ ಉಪದೇಶ ಮಾಡಬಹುದೇ? ಹೆಸರಿನಲ್ಲಿ ಏನಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನು ತಿಳಿಯಬೇಕಾದವರು ನಾವು.

ನಾವು ಮಾಡಬೇಕಾದ್ದು

ಕಾರ್ಮಿಕ ಬಂಧುಗಳೇ, ನೀವು ನೇಯ್ದ ಬಟ್ಟೆಯ ಅಂಚಿನಲ್ಲಿ ಗಿರಣಿಯ ಮುದ್ರೆ ಇರುತ್ತದೆ. ಮಗ್ಗ ಓಡಿಸುವಾಗ ನೂಲು ಹರಿಯದಂತೆ ಒಂದು ಉಪಾಯ ಕಂಡುಹಿಡಿದವನು, ಬಣ್ಣದ ಹಂಡೆಯಲ್ಲಿ ಹದ ತಿಳಿದವನು ನಿಮ್ಮಲ್ಲೇ ಇದ್ದಾನೆ. ಅವನ ಉಪಾಯದಿಂದ ಉಳಿದ ಹಣ ಯಾರ ಖಾತೆಗೆ ಹೋಯಿತೆಂದು ಕೇಳಿದ್ದೀರಾ? ಬ್ರೇ ಸೀಮೆಯ ಆ ಸ್ವಿಸ್ಸಿನವನು ನಿಮ್ಮ ಪಕ್ಕದ ಮಗ್ಗದಲ್ಲೇ ನಿಂತಿದ್ದಾನೆ. ಕೂಲಿಯ ಜೊತೆಗೆ ಅವನ ಬುದ್ಧಿಯ ಪಾಲನ್ನೂ ಕೇಳುವ ಹಕ್ಕು ನಿಮ್ಮ ಸಂಘಕ್ಕಿದೆ ಎಂಬುದನ್ನು ಮರೆಯಬೇಡಿ.

ವರ್ತಕ ಮಿತ್ರರೇ, ನಿಮ್ಮ ಅಂಗಡಿ ನಿಮ್ಮದೆಂದು ನೀವು ತಿಳಿದಿದ್ದೀರಿ. ಆದರೆ ಕಪಾಟಿನಲ್ಲಿ ಯಾವ ಮಾರ್ಕು ಮುಂದಿರಬೇಕು, ಯಾವ ದರಕ್ಕೆ ಮಾರಬೇಕು, ನಿಮಗೆ ಎಷ್ಟು ಕಾಸು ಉಳಿಯಬೇಕು ಎಂಬುದನ್ನು ಕಂಪನಿ ಗೊತ್ತುಮಾಡುತ್ತದೆ. ಬಾಡಿಗೆ ನಿಮ್ಮದು, ದೀಪದ ಖರ್ಚು ನಿಮ್ಮದು, ಕೆಟ್ಟ ಸರಕಿನ ನಷ್ಟ ನಿಮ್ಮದು. ಹೆಸರು ಮಾತ್ರ ಅವರದು. ಮದಾಂ ಎರೂ ಕೂಡ ಮೊದಲು ಯಜಮಾನಿಯೇ ಆಗಿದ್ದಳು. ಮಾರ್ಕಿನಿಂದ ಅವಳ ಹೆಸರು ಅಳಿಯಲು ಬಹಳ ಕಾಲ ಬೇಕಾಗಲಿಲ್ಲ. ದೊಡ್ಡ ಬಂಡವಾಳ ಮೊದಲು ಆಳನ್ನು ನುಂಗುತ್ತದೆ, ಆಮೇಲೆ ಸಣ್ಣ ಯಜಮಾನನನ್ನು ನುಂಗುತ್ತದೆ. ಆದ್ದರಿಂದ ಆಳಿನ ಜಗಳ ನಿಮ್ಮ ಜಗಳವೂ ಹೌದು.

ನಮ್ಮ ದೇಶದಲ್ಲೂ ಸೀಮೆಯ ಹೆಸರನ್ನು ಕಾಯುವ ಕಾನೂನು 1999ರಲ್ಲಿ ಆಯಿತು, 2003ರಿಂದ ಜಾರಿಗೆ ಬಂತು. ಇಳಕಲ್ ಸೀರೆ, ಧಾರವಾಡದ ಪೇಡ, ಚನ್ನಪಟ್ಟಣದ ಗೊಂಬೆ ಅದರಲ್ಲಿ ದಾಖಲಾಗಿವೆ. ಒಳ್ಳೆಯದೇ. ಆದರೆ ಸೀರೆಯ ಹೆಸರನ್ನು ಕಾಯುವ ಆ ಕಾನೂನು ನೇಯುವ ಕೈಗೆ ದಿನಕ್ಕೆ ಎಷ್ಟು ಕೂಲಿ ಬಿತ್ತೆಂದು ಕೇಳುವುದಿಲ್ಲ. ಹೆಸರು ಊರಿನದಾದರೆ ಸಾಲದು; ಊರಿನಲ್ಲಿ ದುಡಿಯುವವರದಾಗಬೇಕು. ಹೆಸರನ್ನು ಇಟ್ಟುಕೊಳ್ಳುವ ಸಂಘದಲ್ಲಿ ಸಾಹುಕಾರನಿಗೆ ಒಂದು ಮತ, ಅವನ ಕೂಲಿಯಾಳಿಗೂ ಒಂದು ಮತ ಇರಬೇಕು. ಆ ಹೆಸರಿನಿಂದ ಬಂದ ಹೆಚ್ಚಿನ ಬೆಲೆಯಲ್ಲಿ ಕೈಗೆ ಎಷ್ಟು, ಗದ್ದುಗೆಗೆ ಎಷ್ಟು ಎಂಬ ಲೆಕ್ಕ ಬಾಗಿಲಿನ ಮೇಲೆ ಅಂಟಿಸಿರಬೇಕು. ಸಣ್ಣ ವರ್ತಕರು ಕೂಡಿ ಕೊಳ್ಳುವ ಸಹಕಾರ ಸಂಘ ಕಟ್ಟಿ, ಇಂಥ ಸರಕನ್ನು ನೇರವಾಗಿ ಮಾಡುವವರಿಂದ ಪಡೆಯಬೇಕು.

ಇದು ಆಗದ ಮಾತೆಂದು ಧಣಿಗಳ ಪತ್ರಿಕೆಗಳು ಬರೆಯುತ್ತವೆ. ನೋಶಾತೆಲ್ ಎಂಬ ಹೆಸರನ್ನು ಒಬ್ಬ ಧಣಿಗೂ ಬಿಟ್ಟುಕೊಡದೆ 1969ರಿಂದ ಒಂದು ಸೀಮೆ ಉಳಿಸಿಕೊಂಡಿದೆ ಎಂದು ಅವರಿಗೆ ಉತ್ತರ ಹೇಳಿ. ಅವರು ಅರ್ಧ ದಾರಿ ನಡೆದಿದ್ದಾರೆ. ಉಳಿದ ಅರ್ಧ ದಾರಿ, ಕೂಲಿಯಾಳಿನ ಹೆಸರನ್ನೂ ಪಟ್ಟಿಯಲ್ಲಿ ಬರೆಯುವ ದಾರಿ, ನಮ್ಮ ಮುಂದಿದೆ. ಮುಂದಿನ ಸಂಘದ ಸಭೆಗೆ ಗಿರಣಿಯವರೂ ಅಂಗಡಿಯವರೂ ಕೂಡಿಯೇ ಬನ್ನಿ. ಯಾರ ಕೈ ಕೆಸರಾಗಿದೆಯೋ ಅವರ ಬಾಯಿಗೆ ಮೊಸರು ಎಂಬ ನ್ಯಾಯವನ್ನು ಬೇಡುವುದಲ್ಲ, ಜಾರಿಗೆ ತರುವುದು ನಮ್ಮ ಕೆಲಸ.